ಬಂಡೆಯ ಓತಿ, ಮಗ್ಗದ ಗುಂಡಿಯ ಕಪ್ಪೆ

"ಸಾರ್, ನಮ್ಮನೆ ಮಗ್ಗದ ಗುಂಡೀಲಿ ಒಂದು ಕಪ್ಪೆ ಮೂರು ವರ್ಷದಿಂದ ಅದೆ. ಅದು ಅದೇ ಕಪ್ಪೇನಾ, ಇಲ್ಲಾ ಬೇರೆ ಬೇರೆ ಬಂದು ಕೂತ್ಕೊಳ್ತಾವಾ?"

ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ, ಯಾಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ.

ತಾರಮಂಗಲಂ ಕಡೆ ನೇಕಾರರ ಮನೆಗಳಲ್ಲಿ ಹುಟ್ಟಿದವರಿಗೆ ಗುಂಡಿಮಗ್ಗದ ಕಪ್ಪೆ ಹೊಸದಲ್ಲ. ಮಗ್ಗದ ಕೆಳಗಿನ ಗುಂಡಿ ಸದಾ ತಂಪು, ಒಂದಿಷ್ಟು ತೇವ. ಸಂಜೆ ದೀಪ ಹಾಕಿದ ಮೇಲೆ ಹುಳುಗಳು ತಾವಾಗಿಯೇ ಬರುತ್ತವೆ. ಇದಕ್ಕಿಂತ ಒಳ್ಳೆ ಮನೆ ಕಪ್ಪೆಗೆ ಎಲ್ಲಿ ಸಿಗಬೇಕು? ಅಜ್ಜಿ ಕಾಲುಮಣೆ ತುಳಿಯುವಾಗ ಕಪ್ಪೆ ಮೂಲೆಗೆ ಸರಿಯುತ್ತದೆ, ಅಜ್ಜಿ ಎದ್ದು ಹೋದ ಮೇಲೆ ನಡುವಿಗೆ ಬರುತ್ತದೆ. ಇಬ್ಬರಿಗೂ ತಕರಾರಿಲ್ಲ.

ಅದು ನೆಲಗಪ್ಪೆ. ಒಣ ಚರ್ಮ, ಬೆನ್ನ ತುಂಬ ಗಂಟು, ಕಣ್ಣಿನ ಹಿಂದೆ ಎರಡು ಉಬ್ಬು. ಆ ಉಬ್ಬುಗಳಲ್ಲಿ ವಿಷದ ಹಾಲು ಇರುತ್ತದೆ. ನಾಯಿ ಬಾಯಿ ಹಾಕಿದರೆ ಜೊಲ್ಲು ಸುರಿಸುತ್ತಾ ಬಿಟ್ಟುಬಿಡುತ್ತದೆ. ನಮ್ಮ ಕೈಗೆ ಅದರಿಂದ ಗಂಟು ಬರುತ್ತೆ ಅನ್ನುವುದು ಮಾತ್ರ ಸುಳ್ಳು. ಮನುಷ್ಯರ ಚರ್ಮದ ಗಂಟಿಗೆ ಕಾರಣ ಒಂದು ವೈರಸ್, ಕಪ್ಪೆ ಅಲ್ಲ. ಆದರೂ ಮುಟ್ಟಿದರೆ ಕೈ ತೊಳೆದುಕೊಳ್ಳಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಹುಡುಗಿಗೆ ನಾನು ಹೇಳಿದ್ದಿಷ್ಟೆ: "ಕಪ್ಪೆಯ ಬೆನ್ನಿನ ಚಿತ್ರ ಬರ್ಕೋ. ಗಂಟುಗಳು, ಮಚ್ಚೆಗಳು ಎಲ್ಲೆಲ್ಲಿ ಅವೆ ಅಂತ. ಮುಂದಿನ ಸಲ ನೋಡಿದಾಗ ಹೋಲಿಸು. ಒಂದು ಕಪ್ಪೆಯ ಬೆನ್ನಿನ ಹಾಗೆ ಇನ್ನೊಂದರ ಬೆನ್ನು ಇರಲ್ಲ." ಅವಳು ತಲೆಯಾಡಿಸಿದಳು. ಆ ಚಿತ್ರ ಏನಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ನಾವೆಲ್ಲ ಬೆಂಗಳೂರಿಗೆ ಹೋಗಿಬಂದೆವು.

ಜುಲೈ ತಿಂಗಳ ಒಂದು ಶನಿವಾರ. ಬೆಳಗಿನ ಜಾವ ನಾಲ್ಕಕ್ಕೇ ಬಸ್ಸು. ಓಮಲೂರು ದಾಟಿ, ತೊಪ್ಪೂರು ಘಾಟಿ ಹತ್ತಿ, ಧರ್ಮಪುರಿ, ಕೃಷ್ಣಗಿರಿ, ಹೊಸೂರು ಮೇಲೆ ಲಾಲ್‌ಬಾಗ್ ತಲುಪುವಷ್ಟರಲ್ಲಿ ಬಿಸಿಲು ಬಂದಿತ್ತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸುವುದು ಅಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಒಬ್ಬನನ್ನು ನಿಲ್ಲಿಸಿದರೆ ಇನ್ನಿಬ್ಬರು ನೆಗೆಯುತ್ತಾರೆ. ಕೊನೆಗೆ ಎಣಿಕೆ ಸರಿಹೋಯಿತು.

ಲಾಲ್‌ಬಾಗ್ ಬಗ್ಗೆ ಪಠ್ಯದಲ್ಲಿ ಓದಿದ್ದೀರಿ. ಹೈದರ್ ಅಲಿ 1760ರಲ್ಲಿ ಶುರುಮಾಡಿದ ತೋಟ, ಟಿಪ್ಪು ಬೆಳೆಸಿದ್ದು, 1889ರ ಗಾಜಿನ ಮನೆ, 240 ಎಕರೆ ಜಾಗ. ಎಲ್ಲರೂ ನೋಡುವುದು ಹೂವು. ನಾನು ಮಕ್ಕಳಿಗೆ ಕೊಟ್ಟ ಕೆಲಸ ಬೇರೆ: "ಹೂವನ್ನು ನೋಡಿ, ಬೇಡ ಅನ್ನಲ್ಲ. ಆದರೆ ಪಟ್ಟೀಲಿ ಬರೀಬೇಕಾದ್ದು ತೆವಳೋದು, ಕುಪ್ಪಳಿಸೋದು ಮಾತ್ರ." ಉಭಯವಾಸಿ ಮತ್ತು ಸರೀಸೃಪ ಪಾಠ ಆಗಷ್ಟೇ ಮುಗಿದಿತ್ತು.

ಬಿಸಿಲು ತಿನ್ನುವ ಬಂಡೆ

ಮೊದಲು ಹೋದದ್ದು ಕೆಂಪೇಗೌಡ ಗೋಪುರ ಇರುವ ಬಂಡೆಗೆ. ಈ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂವಿಜ್ಞಾನಿಗಳು ಅದನ್ನು ಪರ್ಯಾಯ ದ್ವೀಪದ ನೈಸ್ ಶಿಲೆ ಅನ್ನುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಕಪ್ಪೆ, ಹಾವು, ಹಲ್ಲಿಗಳಿರಲಿ, ಈ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಕಣ್ಣಿಗೆ ಕಾಣುವ ಒಂದು ಪ್ರಾಣಿಯೂ ಇರಲಿಲ್ಲ.

ಮಕ್ಕಳು ಬಂಡೆ ಹತ್ತಿ ಊರು ನೋಡುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಕೆಳಗೆ ನೋಡುತ್ತಿದ್ದ. "ಸಾರ್, ಅಲ್ಲೊಂದು ಓಣಾನ್! ಬಣ್ಣ ಬಳ್ದಂಗೆ ಅದೆ!"

ಓಣಾನ್ ಅಂದರೆ ತಮಿಳಿನಲ್ಲಿ ಓತಿಕ್ಯಾತ. ನಮ್ಮ ಮಕ್ಕಳಿಗೆ ಮನೆಯಲ್ಲಿ ಒಂದು ಹೆಸರು, ಬೀದಿಯಲ್ಲಿ ಒಂದು ಹೆಸರು, ಪುಸ್ತಕದಲ್ಲಿ ಇನ್ನೊಂದು. ಪ್ರಾಣಿ ಒಂದೇ. ಆದರೆ ಅವನು ತೋರಿಸಿದ್ದು ಬೇಲಿಯ ಓತಿಕ್ಯಾತ ಅಲ್ಲ, ಅದರ ನೆಂಟ, ಬಂಡೆ ಓತಿ. ಬೆನ್ನು ಬೆಂಕಿಯಂತೆ ಕೆಂಪು, ಪಕ್ಕೆ ಕಡುಕಪ್ಪು. ಮುಂಗಾಲು ಊರಿ ದಂಡ ಹೊಡೆಯುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಎರಡು ಮಾರು ಆಚೆ ಕಲ್ಲಿನದೇ ಬಣ್ಣದ ಇನ್ನೊಂದು ಓತಿ ಕೂತಿತ್ತು. ನೋಡಿದರೂ ಕಾಣದಂಥದ್ದು. ಅದು ಹೆಣ್ಣು.

ಗಂಡು ಬಂಡೆ ಓತಿ ಈ ಬಣ್ಣವನ್ನು ಸದಾ ಹೊತ್ತುಕೊಂಡಿರುವುದಿಲ್ಲ. ಬೇಕಾದಾಗ ತೋರಿಸುತ್ತದೆ. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಜಗಳಕ್ಕೆ ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಒಂದೇ ಮೈ, ಎರಡು ಸಂದೇಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಓತಿಗಳನ್ನು ವರ್ಷಗಟ್ಟಲೆ ನೋಡಿ ಇದನ್ನೆಲ್ಲ ಅಳೆದಿದ್ದಾರೆ. ಅವರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. ಹಳ್ಳಿಯ ಬಂಡೆಗಳಿಂದ ಕೆಲವು ಓತಿಗಳನ್ನೂ ಊರ ಅಂಚಿನ ಬಡಾವಣೆಗಳಿಂದ ಕೆಲವನ್ನೂ ತಂದು, ಅಪಾಯ ಬಂದಾಗ ಯಾವ ಅಡಗುತಾಣ ಸುರಕ್ಷಿತ ಅನ್ನುವುದನ್ನು ಕಲಿಯಲು ಬಿಟ್ಟರು. ಬಡಾವಣೆಯ ಓತಿಗಳು ಬೇಗ ಕಲಿತವು. ಪಟ್ಟಣದ ಗಲಾಟೆಯಲ್ಲಿ ಬದುಕಬೇಕಾದರೆ ಚುರುಕು ಬೇಕಲ್ಲ!

"ಇಷ್ಟು ಬಿಸಿಲಲ್ಲಿ ಯಾಕೆ ಸಾರ್ ಕೂತದೆ? ನೆರಳಿಗೆ ಹೋಗ್ಬಾರ್ದಾ?"

ಇಲ್ಲೇ ಪಾಠ. ನೀವು ಬೆಳಿಗ್ಗೆ ಇಡ್ಲಿ ತಿಂದಿರಲ್ಲ, ಅದರ ಶಕ್ತಿಯಲ್ಲಿ ದೊಡ್ಡ ಪಾಲು ನಿಮ್ಮ ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಓತಿ, ಹಾವು, ಆಮೆಗಳು ಆ ಖರ್ಚು ಮಾಡುವುದಿಲ್ಲ. ಬಿಸಿಯನ್ನು ಸೂರ್ಯನಿಂದ ಬಿಟ್ಟಿಯಾಗಿ ಪಡೆಯುತ್ತವೆ. ಅದಕ್ಕೇ ಒಂದು ಇಲಿ ನುಂಗಿದ ಹಾವು ಎಷ್ಟೋ ದಿನ ಊಟವಿಲ್ಲದೆ ಇರಬಲ್ಲದು. ನಮ್ಮಿಂದ ಆಗುತ್ತಾ? ಆದರೆ ಇದಕ್ಕೊಂದು ಬೆಲೆ ಇದೆ. ಬೆಳಿಗ್ಗೆ ಮೈ ಕಾಯುವ ತನಕ ಓಡಲು ಬರುವುದಿಲ್ಲ. ನಡುಹಗಲು ಬಂಡೆ ಹೆಂಚಿನ ಹಾಗೆ ಕಾದರೆ ಬಿರುಕಿಗೆ ಓಡಬೇಕು. ಬಿಸಿಲಿಗೆ ಬಂಡೆ, ತಂಪಿಗೆ ಬಿರುಕು, ಎರಡೂ ಹತ್ತಿರ ಹತ್ತಿರ ಇರಲೇಬೇಕು. ಯಾರಾದರೂ ಚಂದ ಕಾಣಲಿ ಎಂದು ಬಿರುಕಿಗೆ ಸಿಮೆಂಟು ಮೆತ್ತಿದರೆ ಬಂಡೆ ಹಾಗೇ ಉಳಿದಿರುತ್ತದೆ, ಓತಿ ಇರುವುದಿಲ್ಲ.

ಇನ್ನು ಬೇಲಿಯ ಓತಿಕ್ಯಾತನ ಮಾತು. ಪಾಪ, ಅದಕ್ಕೆ ಬಿದ್ದಷ್ಟು ಕಲ್ಲೇಟು ಇನ್ಯಾವ ಪ್ರಾಣಿಗೂ ಬಿದ್ದಿರಲಾರದು. ರಾಮನಿಗೆ ಬಾಯಾರಿದಾಗ ಅಳಿಲು ಎಳನೀರು ತಂದಿತು, ಓಣಾನ್ ಮೂತ್ರ ತಂದಿತು ಎಂದು ನಮ್ಮ ಕಡೆ ಒಂದು ಕಥೆ ಇದೆ. ಆ ಸೇಡಿಗೆ ಹುಡುಗರು ಇವತ್ತಿಗೂ ಕಲ್ಲು ಬೀಸುತ್ತಾರೆ. ದೂರದಿಂದಲೇ ರಕ್ತ ಹೀರುತ್ತೆ, ಅದಕ್ಕೇ ಕತ್ತು ಕೆಂಪು ಅಂತ ಇನ್ನೊಂದು ದೂರು. ಕತ್ತು ಕೆಂಪಾಗುವುದು ಗಂಡಿಗೆ, ಅದೂ ಸಂತಾನದ ಕಾಲದಲ್ಲಿ. ಅದು ತಿನ್ನುವುದು ಇರುವೆ, ಮಿಡತೆ, ಹುಳುಗಳನ್ನು. 'ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ' ಎಂಬ ಗಾದೆ ಇದೆಯಲ್ಲ. ಈ ಸಲ ಸಾಕ್ಷಿ ಹೇಳುವ ಕೆಲಸ ನಾನೇ ಮಾಡಿದ್ದೇನೆ ಅಂದುಕೊಳ್ಳಿ.

ಹೀಗೇ ಸುಮ್ಮನೆ ಅಪವಾದ ಹೊತ್ತ ಇನ್ನೊಂದು ಪ್ರಾಣಿ ಹಾವುರಾಣಿ. ತಮಿಳಿನಲ್ಲಿ ಅರಣೈ. 'ಅರಣೈ ಕಡಿತ್ತಾಲ್ ಮರಣಂ' ಅಂತ ನಮ್ಮೂರಲ್ಲಿ ದೊಡ್ಡವರೂ ಹೇಳುತ್ತಾರೆ. ಪ್ರಾಸ ಚೆನ್ನಾಗಿದೆ, ವಿಷಯ ಸುಳ್ಳು. ಹಾವುರಾಣಿಗೆ ವಿಷವೇ ಇಲ್ಲ. ಗಾಜಿನ ಮನೆ ಪಕ್ಕದ ಎಲೆರಾಶಿಯಲ್ಲಿ ಒಂದು ಸರಕ್ಕನೆ ಹೋಯಿತು. ಹುಡುಗಿಯರು ಕಿರುಚಿದರು, ಅದು ಇನ್ನೂ ಜೋರಾಗಿ ಓಡಿತು.

ಸಂಕಗಿರಿಯ ಹೆಸರು ಹೊತ್ತ ಹಲ್ಲಿ

ಬಂಡೆಯಿಂದ ಇಳಿಯುವಾಗ ಒಬ್ಬ ಹುಡುಗ ಸಪ್ಪೆ ಮುಖ ಮಾಡಿಕೊಂಡು ಹೇಳಿದ: "ಇಂಥದೆಲ್ಲ ಬೆಂಗಳೂರಲ್ಲಿ ಮಾತ್ರ ಸಾರ್. ನಮ್ಮೂರಲ್ಲಿ ಏನದೆ?"

ನಮ್ಮೂರಲ್ಲಿ ಏನದೆ ಗೊತ್ತಾ? ತಾರಮಂಗಲಕ್ಕೆ ಹತ್ತಿರದ ಸಂಕಗಿರಿ ಕೋಟೆಯ ಬೆಟ್ಟವನ್ನು ನೀವೆಲ್ಲ ನೋಡಿದ್ದೀರಿ. ಆ ಬೆಟ್ಟದ ಬಂಡೆಗಳಲ್ಲಿ ಸಿಕ್ಕ ಒಂದು ಹಲ್ಲಿಗೆ 2019ರಲ್ಲಿ ವಿಜ್ಞಾನಿಗಳು ಹೆಸರಿಟ್ಟರು: ಹೆಮಿಡ್ಯಾಕ್ಟೈಲಸ್ ಸಂಕರಿಯೆನ್ಸಿಸ್. ಊರಿನ ಹೆಸರೇ ಹಲ್ಲಿಯ ಹೆಸರು. ಅದೇ ವರ್ಷ ಅದೇ ಸಂಕಗಿರಿಯಿಂದ ಇನ್ನೊಂದು ಪುಟ್ಟ ಹಲ್ಲಿಗೂ ಹೆಸರು ಬಂತು, ಕ್ನೆಮಾಸ್ಪಿಸ್ ಅಗರ್ವಾಲಿ. ಅದಕ್ಕೂ ಹಿಂದೆ, 2000ದಲ್ಲಿ, ಏರ್ಕಾಡಿನ ಹೆಸರಲ್ಲಿ ಕ್ನೆಮಾಸ್ಪಿಸ್ ಏರ್ಕಾಡೆನ್ಸಿಸ್. ಶತಮಾನಗಳಿಂದ ಜನ ಹತ್ತಿ ಇಳಿದ ಬೆಟ್ಟಗಳಿವು. ಹಲ್ಲಿ ಅಲ್ಲೇ ಇತ್ತು, ಹತ್ತಿರ ಹೋಗಿ ನೋಡಿದವರು ಇರಲಿಲ್ಲ.

ಈ ಎರಡು ಬಗೆಗಳ ನಡುವೆ ಒಂದು ಮೋಜಿನ ವ್ಯತ್ಯಾಸ ಇದೆ. ನಮ್ಮ ಗೋಡೆ ಹಲ್ಲಿಯೂ ಸಂಕಗಿರಿಯ ಹೆಸರು ಹೊತ್ತ ಹಲ್ಲಿಯೂ ಒಂದೇ ಹೆಮಿಡ್ಯಾಕ್ಟೈಲಸ್ ಬಳಗ. ಬೆರಳಿನ ಕೆಳಗೆ ಅಗಲವಾದ ಪಟ್ಟೆಗಳು, ಆ ಪಟ್ಟೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಗಟ್ಟಲೆ ಕೂದಲು. ಗೋಡೆಗೂ ಆ ಕೂದಲಿಗೂ ನಡುವಿನ ಅಣುಗಳ ಸೆಳೆತದಿಂದಲೇ ಅದು ತೊಲೆಗೆ ತಲೆಕೆಳಗಾಗಿ ಅಂಟಿಕೊಳ್ಳುವುದು. ಅಂಟು ಅಲ್ಲ, ಗಾಳಿ ಹೀರುವುದೂ ಅಲ್ಲ. ಕ್ನೆಮಾಸ್ಪಿಸ್‌ಗಳಿಗೆ ಆ ಪಟ್ಟೆ ಇಲ್ಲ. ತೆಳು ಬೆರಳು, ಉಗುರು, ಅಷ್ಟೇ. ಒರಟು ಬಂಡೆಯಲ್ಲಿ ಅಷ್ಟೇ ಸಾಕು. ಕಣ್ಣಿನ ಪಾಪೆಯೂ ಬೆಕ್ಕಿನ ಹಾಗೆ ಸೀಳಾಗಿರದೆ ನಮ್ಮ ಹಾಗೆ ಗುಂಡಗೆ, ಯಾಕೆಂದರೆ ಇವು ಹೆಚ್ಚಾಗಿ ಹಗಲು ಓಡಾಡುವ ಹಲ್ಲಿಗಳು. ಮುಂದಿನ ಸಲ ಕೋಟೆ ಹತ್ತುವಾಗ ಬಂಡೆಯ ನೆರಳಿನ ಕಡೆ ನೋಡಿ. ಹಿಡಿಯಬೇಡಿ, ನೋಡಿ ಸಾಕು. ಹಿಡಿದರೆ ಬಾಲ ಉದುರಿಸಿ ಹೋಗುವ ಹಲ್ಲಿಗಳಿವು. ಬಾಲದಲ್ಲಿ ಕೂಡಿಟ್ಟ ಕೊಬ್ಬು ಅದರ ಉಳಿತಾಯ ಖಾತೆ. ನಿಮ್ಮ ಆಟಕ್ಕೆ ಅದು ದಿವಾಳಿ ಆಗಬೇಕಾ?

"ಹಾವು! ಹಾವು!"

ಕೆರೆಯ ದಂಡೆಗೆ ಬಂದಾಗ ಹತ್ತೂವರೆ. ಯಾರೋ ಕೂಗಿದರು. ನೀರಿನಲ್ಲಿ ತಲೆ ಮಾತ್ರ ಮೇಲೆ ಎತ್ತಿಕೊಂಡು ಒಂದು ಹಾವು ಈಜಿ ಬರುತ್ತಿತ್ತು. ನಮ್ಮ ಹುಡುಗನೊಬ್ಬ ಬಗ್ಗಿ ಕಲ್ಲು ಎತ್ತಿದ್ದನ್ನು ನಾನು ನೋಡಿದೆ. ಕೈ ಹಿಡಿದೆ. ಅವನು ಕೆಟ್ಟ ಹುಡುಗನಲ್ಲ. ಅವರ ಚಿಕ್ಕಪ್ಪನಿಗೆ ಹಾವು ಕಚ್ಚಿ ತುಂಬ ದಿನ ಆಸ್ಪತ್ರೆಯಲ್ಲಿದ್ದರು ಅಂತ ಆಮೇಲೆ ತಿಳಿಯಿತು. ಹೆದರಿದ ಕೈ ಮೊದಲು ಹುಡುಕುವುದು ಕಲ್ಲನ್ನೇ.

ಅದು ನೀರುಹಾವು. ತಮಿಳಿನಲ್ಲಿ ತಣ್ಣೀರ್ ಪಾಂಬು. ಮೈಮೇಲೆ ಚದುರಂಗದ ಮಣೆಯಂಥ ಚೌಕಗಳು, ಕಣ್ಣಿನ ಕೆಳಗೆ ಎರಡು ಕಪ್ಪು ಗೀಟು. ಮೀನು, ಕಪ್ಪೆ ತಿನ್ನುತ್ತದೆ. ಹಿಡಿದರೆ ಸಿಟ್ಟಿನಿಂದ ಕಚ್ಚುತ್ತದೆ, ಆದರೆ ವಿಷವಿಲ್ಲ. ನಮ್ಮೂರ ಕೆರೆ, ಬಾವಿ, ಗುಡಿಯ ಕೊಳ ಎಲ್ಲ ಕಡೆಯೂ ಇರುವುದು ಇದೇ.

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಹೆಚ್ಚಿನವಕ್ಕೆ ನಮ್ಮನ್ನು ಕೊಲ್ಲುವ ವಿಷವಿಲ್ಲ. ಅತಿ ಹೆಚ್ಚು ಸಾವು ತರುವವು ನಾಲ್ಕು. ನಾಗರಹಾವು, ಅಂದರೆ ನಲ್ಲ ಪಾಂಬು. ಕಟ್ಟುಹಾವು, ಅಂದರೆ ಕಟ್ಟುವಿರಿಯನ್. ಕೊಳಕುಮಂಡಲ, ಅಂದರೆ ಕಣ್ಣಾಡಿ ವಿರಿಯನ್. ಗರಗಸಮಂಡಲ, ಅಂದರೆ ಸುರುಟ್ಟೈ ವಿರಿಯನ್. ಈ ನಾಲ್ಕರ ಹೆಸರನ್ನು ಎರಡೂ ಭಾಷೆಯಲ್ಲಿ ಕಲಿತುಕೊಳ್ಳಿ. ಆಸ್ಪತ್ರೆಯಲ್ಲಿ ಹೇಳಬೇಕಾಗಿ ಬಂದರೆ ತಮಿಳು ಹೆಸರೇ ಕೆಲಸಕ್ಕೆ ಬರುವುದು.

ಹೆದರಿಕೆ ಸುಳ್ಳಲ್ಲ. 2000ದಿಂದ 2019ರ ತನಕ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಹಾಗಾಗಿ ಇದನ್ನು ಮಾತ್ರ ನೆನಪಿಡಿ, ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ. ಹಾವು ಕಚ್ಚಿದರೆ ಹಗ್ಗ ಬಿಗಿದು ಕಟ್ಟಬಾರದು, ಬ್ಲೇಡಿನಿಂದ ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು, ಮಂತ್ರ ಹಾಕಿಸಲು ಹೊತ್ತು ಕಳೆಯಬಾರದು. ಉಂಗುರ, ಬಳೆ, ಗಡಿಯಾರ ಬಿಚ್ಚಿ, ಯಾಕೆಂದರೆ ಆ ಭಾಗ ಊದಿಕೊಳ್ಳುತ್ತದೆ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಾಡದ ಹಾಗೆ ಇಟ್ಟುಕೊಂಡು, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹಾವನ್ನು ಕೊಂದು ಜೊತೆಗೆ ಒಯ್ಯುವುದು ಬೇಡ. ನಾಲ್ಕಕ್ಕೂ ಒಂದೇ ಔಷಧಿ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ನೋವೂ ಅಷ್ಟಾಗಿ ಗೊತ್ತಾಗುವುದಿಲ್ಲ. ಸೊಳ್ಳೆ ಪರದೆಯನ್ನು ಚಾಪೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಸೊಳ್ಳೆಯೂ ಬರಲ್ಲ, ಹಾವೂ ಬರಲ್ಲ.

ಆ ಔಷಧಿ ಎಲ್ಲಿಂದ ಬರುತ್ತದೆ ಅನ್ನುವುದು ನಮ್ಮ ತಮಿಳುನಾಡಿನ ಕಥೆಯೇ. ಮಾಮಲ್ಲಪುರಂ ಹತ್ತಿರದ ವಡನೆಮ್ಮೇಲಿಯಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ 1978ರಿಂದ ಇದೆ. ಇರುಳ ಜನ ಹಾವು ಹಿಡಿದು, ವಿಷ ತೆಗೆದು, ಹಾವನ್ನು ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಚೂರುಚೂರೇ ಕುದುರೆಗೆ ಚುಚ್ಚಿದರೆ ಕುದುರೆಯ ರಕ್ತದಲ್ಲಿ ಪ್ರತಿವಿಷ ತಯಾರಾಗುತ್ತದೆ. ಅದೇ ಆಸ್ಪತ್ರೆಯ ಔಷಧಿ. ಈ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಾವೇ ಇಲ್ಲದಿದ್ದರೆ ಔಷಧಿಯೂ ಇಲ್ಲ. ಇದನ್ನು ಕಲ್ಲು ಎತ್ತಿದ ಹುಡುಗನಿಗೆ ಹೇಳಿದೆ. ಅವನು ಕಲ್ಲನ್ನು ಜೇಬಿಗೆ ಹಾಕಿಕೊಂಡ. ಎಸೆಯಲಿಲ್ಲ, ಬಿಸಾಡಲೂ ಇಲ್ಲ. ಇರಲಿ, ಅಷ್ಟಾದರೂ ಆಯಿತಲ್ಲ!

ಪಟ್ಟಣದ ಕೆರೆ, ಕೊಳಗಳಿಗೆ ಈಗ ಒಬ್ಬ ಹೊಸ ಅತಿಥಿ ಬರುತ್ತಿದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಆಮೆ. ಹುಟ್ಟೂರು ಅಮೆರಿಕ. ಸಾಕುಪ್ರಾಣಿ ಅಂಗಡಿಯಲ್ಲಿ ಕೊಂಡಾಗ ನಾಣ್ಯದಷ್ಟು, ಆಮೇಲೆ ಊಟದ ತಟ್ಟೆಯಷ್ಟು. ತೊಟ್ಟಿ ಸಾಲದಾದಾಗ ಜನ ಪುಣ್ಯ ಬರಲಿ ಎಂದು ಕೆರೆಗೆ ಬಿಡುತ್ತಾರೆ. ಅಲ್ಲಿ ಅದು ನಮ್ಮ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಆಮೆಯ ತಪ್ಪೇನಿಲ್ಲ, ಕೊಂಡವರದ್ದು. ನಮ್ಮ ದೇಶದ ಕೆರೆಯ ಆಮೆಯನ್ನೋ ನಕ್ಷತ್ರ ಆಮೆಯನ್ನೋ ಹಿಡಿದು ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅದೃಷ್ಟ ಬರುತ್ತೆ ಅಂತ ಯಾರಾದರೂ ಮಾರಲು ಬಂದರೆ ಬರುವುದು ಅದೃಷ್ಟ ಅಲ್ಲ, ಅರಣ್ಯ ಇಲಾಖೆ.

ಮಳೆ ಬಂತು

ಸಂಜೆ ನಾಲ್ಕಕ್ಕೆ ಮಳೆ ಸುರಿಯಿತು. ಎಲ್ಲರೂ ಮರದ ಕೆಳಗೆ, ಚಪ್ಪರದ ಕೆಳಗೆ. ಅರ್ಧ ಗಂಟೆಯಾದ ಮೇಲೆ ಮಳೆ ನಿಂತು, ಹುಲ್ಲಿನ ತಗ್ಗಿನಲ್ಲಿ ನೀರು ನಿಂತಿತು. ಅಲ್ಲಿಂದ ಕಡ್ಡಿಪೆಟ್ಟಿಗೆ ಗೀರಿದಂತೆ ಒಂದು ಸದ್ದು. ಆಮೇಲೆ ಇನ್ನೊಂದು. ಹುಡುಕಿದರೆ ಕಾಣದು. ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಪ್ಪೆಗಳು ಅಷ್ಟು ದೊಡ್ಡ ಗಂಟಲು ಎಲ್ಲಿಂದ ತರುತ್ತವೋ! ಕೂಗುವುದು ಗಂಡು ಮಾತ್ರ. ಗಂಟಲ ಕೆಳಗಿನ ಚೀಲ ಬಲೂನಿನಂತೆ ಊದಿಕೊಂಡು ಸದ್ದನ್ನು ದೊಡ್ಡದು ಮಾಡುತ್ತದೆ.

ಕಪ್ಪೆಗೂ ಓತಿಗೂ ಇರುವ ದೊಡ್ಡ ವ್ಯತ್ಯಾಸ ಚರ್ಮದಲ್ಲಿದೆ. ಓತಿಯ ಚರ್ಮ ಹುರುಪೆಯ ಕವಚ, ನೀರನ್ನು ಒಳಗೆ ಬಿಗಿಹಿಡಿಯುತ್ತದೆ. ಕಪ್ಪೆಯದು ಬಾಗಿಲು ತೆರೆದ ಮನೆ. ಅದು ಬಾಯಿಂದ ನೀರು ಕುಡಿಯುವುದಿಲ್ಲ, ತೇವದ ನೆಲದ ಮೇಲೆ ಹೊಟ್ಟೆ ಒತ್ತಿ ಕೂತು ಚರ್ಮದಿಂದಲೇ ಹೀರುತ್ತದೆ. ಉಸಿರಾಟದಲ್ಲೂ ಒಂದು ಪಾಲು ಚರ್ಮದ್ದೇ. ಮಗ್ಗದ ಗುಂಡಿಯ ತೇವ ಅದಕ್ಕೆ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ? ಆದರೆ ತೆರೆದ ಬಾಗಿಲಿಂದ ನೀರು ಮಾತ್ರ ಬರುವುದಿಲ್ಲ. ತೋಟಕ್ಕೆ ಹೊಡೆದ ಕೀಟನಾಶಕ, ಬಣ್ಣದ ನೀರು, ಸೋಪಿನ ನೀರು ಎಲ್ಲವೂ ಬರುತ್ತವೆ. ಜಗತ್ತಿನ ಉಭಯವಾಸಿಗಳಲ್ಲಿ ನೂರಕ್ಕೆ 41ರಷ್ಟು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ ಎಂದು 2023ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕ ಹೇಳುತ್ತದೆ. ಹಕ್ಕಿ, ಸಸ್ತನಿಗಳಿಗಿಂತ ಇದು ಎಷ್ಟೋ ಹೆಚ್ಚು.

ಮಳೆಯನ್ನೇ ಕಾದು ವರ್ಷದ ಬಹುಭಾಗ ಮಣ್ಣೊಳಗೆ ಇರುವ ಕಪ್ಪೆಗಳೂ ಇವೆ. ಹಿಂಗಾಲಿನ ಹಿಮ್ಮಡಿಯ ಹತ್ತಿರ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ, ಅದರಿಂದ ಹಿಂದು ಹಿಂದಕ್ಕೇ ಮಣ್ಣು ಕೊರೆದು ಇಳಿಯುತ್ತವೆ. ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಬಳಿ ಸಿಕ್ಕ ಇಂಥ ಒಂದು ಬಿಲಗಪ್ಪೆಗೆ 2020ರಲ್ಲಿ ಸ್ಫೀರೋತೀಕಾ ಬೆಂಗಳೂರು ಎಂದು ಹೆಸರಿಟ್ಟರು. ಕೋಟಿ ಜನರ ಊರಿನ ಅಂಚಿನಲ್ಲಿ, ಜಗತ್ತಿಗೆ ಗೊತ್ತಿಲ್ಲದ ಒಂದು ಕಪ್ಪೆ! ಈಗ ಯೋಚಿಸಿ. ಅದು ಮಲಗಿದ ನೆಲದ ಮೇಲೆ ನಾವು ಸಿಮೆಂಟಿನ ಹಾಸು ಹಾಕಿದರೆ ಮಳೆ ಬಂದಾಗ ಅದು ಎಲ್ಲಿಂದ ಹೊರಗೆ ಬರಬೇಕು?

ಗೂಳಿಗಪ್ಪೆಯ ವಿಷಯ ಹೇಳದಿದ್ದರೆ ಮಕ್ಕಳು ಬಿಡುವುದಿಲ್ಲ. ಮೊದಲ ದೊಡ್ಡ ಮಳೆಗೆ ಗಂಡುಗಳು ನಿಂಬೆಹಣ್ಣಿನ ಹಳದಿ ಬಣ್ಣಕ್ಕೆ ತಿರುಗುತ್ತವೆ, ಗಂಟಲ ಚೀಲ ನೀಲಿ. ಒಂದು ಕಾಲದಲ್ಲಿ ಇವುಗಳ ಕಾಲನ್ನು ಕತ್ತರಿಸಿ ಟನ್ನುಗಟ್ಟಲೆ ಹೊರದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ಎಲೆರಾಶಿಯ ಕೆಳಗೆ

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಗೆ ಅಧಿಕಾರಿಗಳು ಬರುವವರಿದ್ದರು. ಅಂಗಳ ಚೊಕ್ಕ ಕಾಣಬೇಕು ಎಂದು ಬೇವಿನ ಮರದ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಎಲೆಯನ್ನೆಲ್ಲ ಮಕ್ಕಳಿಂದ ಮೂಲೆಗೆ ಗುಡಿಸಿಸಿ, ನಾನೇ ಕಡ್ಡಿ ಗೀರಿದೆ. ಬೆಂಕಿ ಆರಿದ ಮೇಲೆ ಬೂದಿ ಕೆದಕಿದರೆ ಮೂರು ನೆಲಗಪ್ಪೆ, ಒಂದು ಹಾವುರಾಣಿ. ನೆಲಗಪ್ಪೆಗಳು ಕಾಲು ಮಡಚಿ ಕೂತ ಹಾಗೇ ಇದ್ದವು. ಮಕ್ಕಳು ನನ್ನ ಮುಖ ನೋಡಿದರು. ಯಾರೂ ಏನೂ ಕೇಳಲಿಲ್ಲ. ಅಧಿಕಾರಿಗಳು ಬಂದು, ಅಂಗಳ ನೋಡಿ, ಬಹಳ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದು ಹೋದರು.

ಆವತ್ತಿನಿಂದ ಯಾವುದೇ ಉದ್ಯಾನಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗುಡಿಸದೆ ಬಿಟ್ಟ ಮೂಲೆಗೆ. ಲಾಲ್‌ಬಾಗಿನ ಹಳೆಯ ಮರಗಳ ಬುಡದ ಎಲೆರಾಶಿ, ಬಿದ್ದ ಕೊಂಬೆ, ಬಂಡೆಯ ಬಿರುಕು, ಕೆಸರಿನ ತಗ್ಗು. ಹೂವಿನ ಸಾಲುಗಳು ಜನಕ್ಕೆ. ನಾವು ಆ ದಿನ ಪಟ್ಟಿ ಮಾಡಿದ್ದೆಲ್ಲ ಸಿಕ್ಕಿದ್ದು ಈ ಮೂಲೆಗಳಲ್ಲೇ. ಬೆಂಗಳೂರು ದೂರ ಅನ್ನುವವರು ಸೇಲಂ ಪಕ್ಕದಲ್ಲೇ, ಏರ್ಕಾಡು ಬೆಟ್ಟದ ತಪ್ಪಲಿನ ಕುರುಂಬಪಟ್ಟಿ ಪ್ರಾಣಿ ಉದ್ಯಾನಕ್ಕೆ ಹೋಗಿ. ಪಂಜರದ ಒಳಗೆ ನೋಡಿದ ಮೇಲೆ ಪಂಜರದ ಹೊರಗಿನ ಕಲ್ಲಿನ ಸಂದಿಯನ್ನೂ ನೋಡಿ. ಸಂದಿಗೆ ಕೈ ಮಾತ್ರ ಹಾಕಬೇಡಿ.

ಮರಳಿ ಬಂದ ಮೇಲೆ ಮಕ್ಕಳು ಒಂದು ಕೆಲಸ ಮಾಡಿದರು. ಶಾಲೆಯ ಹಿಂದೆ ಗಿಡಗಳಿಗೆ ನೀರು ತುಂಬುವ ಸಿಮೆಂಟು ತೊಟ್ಟಿ ಇದೆ, ನೇರ ಗೋಡೆ. ಪ್ರತಿ ಮಳೆಗಾಲ ಅದರಲ್ಲಿ ಸರದ ಹಾಗೆ ಉದ್ದನೆಯ ಮೊಟ್ಟೆಸಾಲು, ಆಮೇಲೆ ಕಪ್ಪು ಗೊದಮೊಟ್ಟೆಗಳು. ಗೊದಮೊಟ್ಟೆಗೆ ಕಾಲು ಮೂಡಿ, ಬಾಲ ಮೈಯೊಳಗೇ ಕರಗಿ (ಬಾಲ ಉದುರುವುದಿಲ್ಲ, ಗಮನಿಸಿ), ಕಿವಿರು ಹೋಗಿ ಶ್ವಾಸಕೋಶ ಬರುತ್ತದೆ. ಆಗ ಅದು ನೀರಿನಿಂದ ಹೊರಗೆ ಬರಲೇಬೇಕು. ನೇರ ಗೋಡೆ ಹತ್ತಲಾಗದೆ ಮರಿಗಳು ಈಜಿ ಈಜಿ ಮುಳುಗಿ ಸಾಯುತ್ತವೆ. ಪ್ರತಿ ವರ್ಷ ತೊಟ್ಟಿಯ ತಳದಲ್ಲಿ ಅವನ್ನು ನೋಡಿ ನೀರು ಕೊಳೆತಿದೆ ಎಂದು ಚೆಲ್ಲುತ್ತಿದ್ದೆವು. ಈ ಸಲ ಹಳೆಯ ಮಗ್ಗದ ಒಂದು ಹಲಗ��ಯನ್ನು ಗೋಣಿ ಸುತ್ತಿ ತೊಟ್ಟಿಯೊಳಗೆ ಓರೆಯಾಗಿ ಇಳಿಬಿಟ್ಟರು. ಹಲಗೆಯ ಬುಡಕ್ಕೆ ಒಂದು ಕಲ್ಲು ಭಾರ ಬೇಕಾಗಿತ್ತು. ಹುಡುಗ ಜೇಬಿನಿಂದ ತೆಗೆದುಕೊಟ್ಟ. ಲಾಲ್‌ಬಾಗಿನದೇ ಕಲ್ಲು! ಅಲ್ಲಿಂದ ಏನನ್ನೂ ತರಬಾರದಿತ್ತು ಎಂದು ಬೈದೆ. ಆದರೂ ಅದನ್ನೇ ಇಟ್ಟೆವು.

ಆಗಸ್ಟ್ ಕೊನೆಯ ವಾರ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಮಕ್ಕಳು ಓಡಿಬಂದು ಕರೆದರು. ಗೋಣಿಯ ಮೇಲೆ ಹುಣಸೆ ಬೀಜಕ್ಕಿಂತ ಸಣ್ಣ ಕಪ್ಪೆಗಳು ಸಾಲಾಗಿ ಹತ್ತುತ್ತಿದ್ದವು. ಎಣಿಸಲು ಶುರುಮಾಡಿ ನಲವತ್ತಕ್ಕೆ ಲೆಕ್ಕ ತಪ್ಪಿತು. ಮತ್ತೆ ಎಣಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಮಗ್ಗದ ಗುಂಡಿಯ ಹುಡುಗಿ ತನ್ನ ನೋಟುಪುಸ್ತಕ ತಂದು ತೋರಿಸಿದ್ದೂ ಅದೇ ವಾರ. ಜೂನ್ ತಿಂಗಳ ಒಂದು ಚಿತ್ರ, ಜುಲೈ ತಿಂಗಳ ಎರಡು, ಆಗಸ್ಟಿನದೊಂದು. ಮೊದಲ ಮೂರು ಒಂದೇ ಬೆನ್ನು. ಎಡ ಭುಜದ ಹತ್ತಿರ ಮೂರು ಗಂಟು ಒಲೆಗುಂಡಿನ ಹಾಗೆ. ನಾಲ್ಕನೆಯದು ಬೇರೆ. ಕೆಳಗೆ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಳು: "ಇದು ನಮ್ಮದಲ್ಲ. ನಮ್ಮದು ನಿನ್ನೆ ಮಳೆಗೆ ಆಚೆ ಹೋಗದೆ. ಹಿತ್ತಲಲ್ಲಿ ಕೂಗ್ತಾ ಇರೋದು ಅದೇನಾ ಅಂತ ಇವತ್ತು ರಾತ್ರಿ ಟಾರ್ಚು ಹಾಕಿ ನೋಡ್ಬೇಕು. ಅಜ್ಜಿಯೂ ಬರ್ತೀನಿ ಅಂದದೆ."